ಶಾಖೆ ಮುಚ್ಚುವ ಮುನ್ನ ಉತ್ತರ ಬೇಕು

ಆತ್ಮಹತ್ಯೆಯ ಯೋಚನೆಯಲ್ಲಿರುವವರ ಕರೆಗೆ ಕಿವಿಗೊಡುವ ಬ್ರಿಟನ್ನಿನ ಸಮಾರಿಟನ್ಸ್ ಸಂಸ್ಥೆ ಹುಟ್ಟಿದ್ದು 1953ರಲ್ಲಿ. ಲಂಡನ್ನಿನ ಪಾದ್ರಿ ಚಾಡ್ ವಾರಾ ಅವರ ಸಲಹೆ ಕೇಳಲು ಬಂದವರಲ್ಲಿ ಹಲವರು, ಹೊರಗೆ ಕಾಯುವಾಗಲೇ ಅಲ್ಲಿದ್ದ ಸ್ವಯಂಸೇವಕರ ಮುಂದೆ ಮನಸ್ಸು ಬಿಚ್ಚಿ ಹಗುರಾಗುತ್ತಿದ್ದರು. ಅದನ್ನು ಗಮನಿಸಿದ ವಾರಾ, ಮರುವರ್ಷವೇ ಆಲಿಸುವ ಹೊಣೆಯನ್ನು ಸ್ವಯಂಸೇವಕರಿಗೇ ಒಪ್ಪಿಸಿದರು. ಸಂಸ್ಥೆಯ ಜೀವಾಳ ಅಂದಿನಿಂದಲೂ ಅವರೇ.

2025ರ ಜುಲೈಯಲ್ಲಿ ಹೊರಬಿದ್ದ ಯೋಜನೆ ಅವರನ್ನೇ ಕಂಗೆಡಿಸಿತು. 201 ಶಾಖೆಗಳಲ್ಲಿ ಕನಿಷ್ಠ ಅರ್ಧದಷ್ಟನ್ನು 10 ವರ್ಷಗಳಲ್ಲಿ ಮುಚ್ಚಿ, ಪ್ರಾದೇಶಿಕವಾಗಿ ದೊಡ್ಡ ಕೇಂದ್ರಗಳನ್ನು ನಡೆಸುವುದು. ಮನೆಯಿಂದಲೇ ಕರೆ ಸ್ವೀಕರಿಸುವ ಪ್ರಯೋಗ ಮಾಡುವುದು. ಕಟ್ಟಡಗಳ ನಿರ್ವಹಣೆಗೇ ಹೆಚ್ಚು ಹಣ ಹೋಗುತ್ತಿದೆ ಎಂಬುದು ಆಡಳಿತದ ವಾದ.

ವಾದದಲ್ಲಿ ಹುರುಳಿದೆ. ಆದರೆ ಸ್ವಯಂಸೇವಕರ ಆತಂಕವನ್ನು ಬದಲಾವಣೆಯ ಭಯವೆಂದು ತಳ್ಳಿಹಾಕುವುದು ಅನ್ಯಾಯ. ಸಾವಿನ ಅಂಚಿನಲ್ಲಿರುವವರ ದನಿ ಕೇಳಿ ಫೋನ್ ಇಟ್ಟ ಮೇಲೆ, ಶಾಖೆಯಲ್ಲಾದರೆ ಪಕ್ಕದಲ್ಲಿ ಜೊತೆಗಾರರಿರುತ್ತಾರೆ. ಮನೆಯ ಕೋಣೆಯಲ್ಲಿ ಯಾರಿರುತ್ತಾರೆ? ಹತ್ತಿರದ ಶಾಖೆ ಇಲ್ಲವಾದರೆ ವಯಸ್ಸಾದವರು, ವಾಹನವಿಲ್ಲದವರು ರಾತ್ರಿ ಪಾಳಿಗೆ ದೂರದ ಊರಿಗೆ ಹೋಗುವುದು ಹೇಗೆ? ಊರಿನವರು ತಮ್ಮ ಶಾಖೆಗೆಂದು ಕೊಟ್ಟ ದೇಣಿಗೆ ಏನಾಗುತ್ತದೆ?

ಒಂದೊಂದೂ ನೇರ ಉತ್ತರ ಬೇಡುವ ಪ್ರಶ್ನೆ. ಸಂಬಳವಿಲ್ಲದೆ ದುಡಿಯುವವರ ಮೇಲೆ ಆದೇಶ ನಡೆಯದು. ಬೇಸತ್ತವರು ಸದ್ದಿಲ್ಲದೆ ಹೊರಟುಬಿಡುತ್ತಾರೆ. ಯಾವ ಶಾಖೆ, ಯಾವಾಗ, ಪ್ರಯಾಣದ ಖರ್ಚು ಯಾರದು ಎಂಬುದನ್ನು ಆಡಳಿತ ಲಿಖಿತವಾಗಿ ತಿಳಿಸಬೇಕು. ತಿಳಿಯದ್ದನ್ನು ತಿಳಿಯದೆಂದೇ ಹೇಳಬೇಕು. ದಾನಸಂಸ್ಥೆಗಳನ್ನು ನಡೆಸುವ ನಮ್ಮವರೂ ಇಂಥ ತೀರ್ಮಾನಕ್ಕೆ ಮುನ್ನ ಸ್ವಯಂಸೇವಕರನ್ನು ಕೂರಿಸಿಕೊಂಡು ಮಾತನಾಡಲಿ.

– ಓರ್ವ ಓದುಗ