ಹದಿನೈದು ದಿನಕ್ಕೆ ಮೂರು ದೊಡ್ಡ ಪಿಚ್ಚರ್

2025ರ ಡಿಸೆಂಬರ್ 11ಕ್ಕೆ ದರ್ಶನ್ ಅವರ ‘ದಿ ಡೆವಿಲ್’ ಬಂತು. 25ಕ್ಕೆ ಸುದೀಪ್ ಅವರ ‘ಮಾರ್ಕ್’. ಅದೇ ದಿನ ಶಿವರಾಜ್‌ಕುಮಾರ್, ಉಪೇಂದ್ರ, ರಾಜ್ ಬಿ. ಶೆಟ್ಟಿ ಮೂವರೂ ಇರುವ ‘45’. ದರ್ಶನ್, ಸುದೀಪ್ ಇಬ್ಬರ ಹೊಸ ಚಿತ್ರಕ್ಕೂ ವರ್ಷವಿಡೀ ಬಾಯಿಬಿಟ್ಟುಕೊಂಡು ಕೂತಿದ್ದ ಟಾಕೀಸುಗಳಿಗೆ ಒಮ್ಮೆಲೇ ಅಜೀರ್ಣ. ಅಭಿಮಾನಿಗಳ ಕಚ್ಚಾಟ ಸುದ್ದಿಯಾಯಿತು. ನನ್ನ ತಕರಾರು ಅವರ ಮೇಲಲ್ಲ, ತಾರೀಖು ಗೊತ್ತುಮಾಡಿದವರ ಮೇಲೆ.

ಡಿಸೆಂಬರ್ ಎಂದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆ ತೊಗರಿ ಕೊಯ್ದು ರಾಶಿ ಮಾಡುವ ಹೊತ್ತು. ಕಬ್ಬು ಕಡಿಯುವ ಗ್ಯಾಂಗು ಹೊಲದಲ್ಲಿರುತ್ತದೆ. ನಡುವೆ ಎಳ್ಳಮವಾಸ್ಯೆ, ಸಜ್ಜಿ ರೊಟ್ಟಿ, ಕಡುಬು, ಭಜ್ಜಿ ಪಲ್ಯ ಬುಟ್ಟಿಗೆ ತುಂಬಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಚರಗ ಚೆಲ್ಲಲು ಹೋಗುತ್ತಾರೆ. ಅಗರಖೇಡದಿಂದ ಇಂಡಿಗೋ ವಿಜಯಪುರಕ್ಕೋ ಪಿಚ್ಚರ್‌ಗೆಂದು ಹೋಗುವವನು ಈ ಹದಿನೈದು ದಿನದಲ್ಲಿ ಮೂರು ಸಲ ಬಸ್ಸು ಹತ್ತುತ್ತಾನೆಯೇ? ಒಂದು ನೋಡಿ, ಉಳಿದೆರಡು ಮೊಬೈಲಿಗೆ ಬರಲಿ ಬಿಡು ಎನ್ನುತ್ತಾನೆ. ಗುರುವಾರ ಚಿತ್ರ ಬಿಟ್ಟರೆ ನಾಲ್ಕು ದಿನದ ವಾರಾಂತ್ಯ ಸಿಗುತ್ತದೆಂಬ ಲೆಕ್ಕ ಬೆಂಗಳೂರಿನ ಐಟಿ ನೌಕರನ ಕ್ಯಾಲೆಂಡರ್ ನೋಡಿ ಹಾಕಿದ್ದು.

ಚಿತ್ರ ಚೆನ್ನಾಗಿದ್ದರೆ ಎಂಥ ಪೈಪೋಟಿಯಲ್ಲೂ ಓಡುತ್ತದೆ ಎನ್ನುವವರು ‘ಸು ಫ್ರಮ್ ಸೋ’ ತೋರಿಸುತ್ತಾರೆ. ನಿಜ, 2025ರ ಜುಲೈ 18ಕ್ಕೆ ‘ಎಕ್ಕ’, ‘ಜೂನಿಯರ್’ ಬಂದಿದ್ದವು. 25ಕ್ಕೆ ‘ಸು ಫ್ರಮ್ ಸೋ’ ಜೊತೆಗೇ ‘ಮಹಾವತಾರ್ ನರಸಿಂಹ’. ಆದರೂ ಗೆದ್ದಿತು. ಗೆದ್ದ ಬಗೆ ನೋಡಿ: ಮಾತು ಬಾಯಿಂದ ಬಾಯಿಗೆ ಹರಡಿದಂತೆ ಮಲ್ಟಿಪ್ಲೆಕ್ಸ್‌ಗಳು ಷೋ ಹೆಚ್ಚಿಸುತ್ತ ಹೋದವು. ಒಂದೇ ಪರದೆಯ ಟಾಕೀಸಿನಲ್ಲಿ ದಿನಕ್ಕೆ ನಾಲ್ಕು ಆಟ, ಮುಗಿಯಿತು. ಮುಂದಿನ ವಾರಕ್ಕೆ ಇನ್ನೊಂದು ಚಿತ್ರ ಬಾಗಿಲಲ್ಲೇ ನಿಂತಿರುವಾಗ, ಒಳ್ಳೆಯ ಪಿಚ್ಚರ್ ಎಂಬ ಸುದ್ದಿ ಹಳ್ಳಿ ಮುಟ್ಟುವುದರೊಳಗೆ ಪೋಸ್ಟರ್ ಬದಲಾಗಿರುತ್ತದೆ. ದಟ್ಟಣೆ ಕಸಿಯುವುದು ಮೊದಲ ದಿನದ ಪ್ರೇಕ್ಷಕನನ್ನಲ್ಲ, ಎರಡನೇ ವಾರವನ್ನು.

ವಿಡಿಯೊ ಗೇಮ್ ಧಂದೆಯೂ ಇದೇ ಪೆಟ್ಟು ತಿಂದಿದೆ. 2016ರ ಅಕ್ಟೋಬರ್ 21ಕ್ಕೆ ‘ಬ್ಯಾಟಲ್‌ಫೀಲ್ಡ್ 1’ ಬಿಟ್ಟ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ, ವಾರಕ್ಕೇ ತನ್ನದೇ ‘ಟೈಟನ್‌ಫಾಲ್ 2’ ತಂದಿತು. ಮತ್ತೊಂದು ವಾರಕ್ಕೆ ಎದುರಾಳಿಯ ‘ಕಾಲ್ ಆಫ್ ಡ್ಯೂಟಿ’. ವಿಮರ್ಶಕರು ಹೊಗಳಿದ ಟೈಟನ್‌ಫಾಲ್‌ನ ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. 2025ರಲ್ಲಿ ಎಲ್ಲರೂ ಕಾಯುತ್ತಿದ್ದ ‘ಸಿಲ್ಕ್‌ಸಾಂಗ್’ ಗೇಮ್ ಸೆಪ್ಟೆಂಬರ್ 4ಕ್ಕೆ ಬರುತ್ತದೆಂದು ಗೊತ್ತಾದದ್ದೇ ತಡ, ಹಲವು ಸಣ್ಣ ತಯಾರಕರು ತಮ್ಮ ಗೇಮ್ ಮುಂದೂಡಿದರು. ಅಷ್ಟಾಗಿಯೂ ಗೇಮು ವರ್ಷಗಟ್ಟಲೆ ಆನ್‌ಲೈನ್ ಅಂಗಡಿಯಲ್ಲಿದ್ದು ಆಮೇಲೂ ಮಾರಾಟವಾದೀತು. ಇಂಡಿ ಊರಿನ ಪರದೆಯಿಂದ ಇಳಿದ ಸಣ್ಣ ಚಿತ್ರ ಮತ್ತೆ ಏರುವುದಿಲ್ಲ.

ನಮ್ಮಲ್ಲಿ ಮಾತ್ರ ಯಾರೂ ಹಿಂದೆ ಸರಿಯುವುದಿಲ್ಲ. ಸರಿದರೆ ಹೆದರಿದ ಎಂದಾರು! 2021ರ ದಸರೆಗೆ ‘ಸಲಗ’, ‘ಕೋಟಿಗೊಬ್ಬ 3’. 2024ರಲ್ಲಿ ‘ಯುಐ’ ಬಂದ ಐದೇ ದಿನಕ್ಕೆ ‘ಮ್ಯಾಕ್ಸ್’. ಡಬ್ಬಿಂಗ್ ತಡೆದದ್ದಕ್ಕೆ 2015ರಲ್ಲಿ ಸ್ಪರ್ಧಾ ಆಯೋಗದಿಂದ ದಂಡ ಹಾಕಿಸಿಕೊಂಡ ಚಲನಚಿತ್ರ ವಾಣಿಜ್ಯ ಮಂಡಳಿಗೆ, ಒಟ್ಟೊಟ್ಟಿಗೇ ಚಿತ್ರ ಬಿಡುವುದಕ್ಕೆ ನಿಷೇಧ ಹೇರೆಂದು ಹೇಳುವುದು ಸರಿಯಲ್ಲ, ಬೇಕಾಗಿಯೂ ಇಲ್ಲ. ಒಂದೇ ಪರದೆಯ ಊರಿನಲ್ಲಿ ಎರಡನೇ ವಾರವೂ ದಿನಕ್ಕೊಂದು ಆಟವಾದರೂ ಕೊಡುತ್ತೇವೆಂದು ವಿತರಕ, ಟಾಕೀಸಿನವರು ಕರಾರಿನಲ್ಲೇ ಬರೆದುಕೊಳ್ಳಲಿ. ತಾರೆಯರ ನಿರ್ಮಾಪಕರು ಮುಂದಿನ ವರ್ಷದ ತಾರೀಖು ಹಿಡಿಯುವ ಮೊದಲು ಒಂದೇ ಮೇಜಿಗೆ ಬರಲಿ. ಬರುವಾಗ ತೊಗರಿ ರಾಶಿ ಯಾವಾಗ ಮುಗಿಯುತ್ತದೆಂದು ವಿಜಯಪುರದ ಟಾಕೀಸಿನವರನ್ನೊಮ್ಮೆ ಕೇಳಿಕೊಂಡು ಬರಲಿ.