ನಿಲ್ಲಲು ಜಾಗ ಕೊಡಿ: ನಂಜನಗೂಡು, ತಿ. ನರಸೀಪುರದ ಶೇರ್ ಬ್ಯಾಟರಿ ಆಟೊಗಳ ಪರವಾಗಿ ಮನವಿ

ಇವರಿಗೆ:
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು, ಯೋಜನಾ ಪ್ರಾಧಿಕಾರ, ಮೈಸೂರು ಜಿಲ್ಲೆ

ಇವರಿಂದ:
ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಬ್ಯಾಟರಿ ಆಟೊ ಚಾಲಕರು ಹಾಗೂ ಪ್ರಯಾಣಿಕರು

ವಿಷಯ: ಮಹಾಯೋಜನೆ ಪರಿಷ್ಕರಣೆಯಲ್ಲಿ ಶೇರ್ ವಿದ್ಯುತ್ ವಾಹನಗಳ ನಿಲುಗಡೆ ಮತ್ತು ಚಾರ್ಜಿಂಗ್‌ಗೆ ಜಾಗ ಕಾಯ್ದಿರಿಸುವ ಬಗ್ಗೆ.

ಮಾನ್ಯರೇ,

ವಿದ್ಯುತ್ ವಾಹನ ನೀತಿಯನ್ನು 2017ರಲ್ಲೇ ತಂದು ದೇಶಕ್ಕೆ ಮೊದಲಿಗರಾದವರು ಕರ್ನಾಟಕದವರಾದ ನಾವು. ಮರುವರ್ಷದ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಚಾಲಿತ ಬಾಡಿಗೆ ವಾಹನಗಳಿಗೆ ಪರ್ಮಿಟ್ಟೇ ಬೇಡವೆಂದಿತು. ಓಡಿಸಲು ಅನುಮತಿ ಸಿಕ್ಕಿತು, ನಿಲ್ಲಿಸಲು ಜಾಗ ಸಿಗಲಿಲ್ಲ. ನಿಂತರೆ ದಂಡ, ನಿಲ್ಲದಿದ್ದರೆ ಬಾಡಿಗೆಯಿಲ್ಲ. ದಂಡದ ರಸೀದಿಗಳು, ರಸ್ತೆಯಂಚಿನ ಫೋಟೊಗಳು, ಹಿಂದಿನ ಮನವಿಗಳ ಪ್ರತಿಗಳನ್ನು ಲಗತ್ತಿಸಿದ್ದೇವೆ. ‘ಪರಿಶೀಲಿಸಲಾಗುವುದು’ ಎಂಬ ಉತ್ತರದ ಪ್ರತಿಯೂ ಇದೆ, ಅದನ್ನು ಬಿಟ್ಟರೆ ಬೇರೆ ಉತ್ತರ ಬಂದಿಲ್ಲ. ನಿಯಮಗಳು ತಮಗೆ ತಿಳಿಯದ್ದೇನಲ್ಲ. ಮಾದರಿ ಕಟ್ಟಡ ಉಪವಿಧಿಗಳ 2019ರ ತಿದ್ದುಪಡಿ, ಕಟ್ಟಡಗಳ ಪಾರ್ಕಿಂಗ್ ಸಾಮರ್ಥ್ಯದ ಶೇ 20ರಷ್ಟಕ್ಕೆ ಚಾರ್ಜಿಂಗ್ ಸೌಲಭ್ಯವಿರಬೇಕೆನ್ನುತ್ತದೆ. ಅಂದರೆ ಸ್ವಂತ ಕಾರು ನಿಲ್ಲಿಸಲು ನೆಲವುಳ್ಳವರಿಗೆ ಪಾಲಿದೆ. ದಿನವಿಡೀ ಬೀದಿಯಲ್ಲೇ ಇದ್ದು ಹತ್ತಾರು ಮನೆಯವರನ್ನು ಸಾಗಿಸುವ ಗಾಡಿಗೆ ಇಲ್ಲ.

ಮುಂದೆ ಚಾಲಕರಹಿತ ವಾಹನಗಳು ಬರುತ್ತವೆ, ಆಗ ಸ್ಟ್ಯಾಂಡುಗಳೇ ಬೇಕಿಲ್ಲ, ಈಗೇಕೆ ಜಾಗ ವ್ಯರ್ಥ ಎಂಬ ವಾದ ಕೇಳಿಬರುತ್ತಿದೆ. ಚಾಲಕರ ಕೆಲಸ ಹೋಗುತ್ತದೆಂಬ ಕಾರಣಕ್ಕೆ ಅವನ್ನು ದೇಶದೊಳಗೆ ಬಿಡುವುದಿಲ್ಲವೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2023ರ ಡಿಸೆಂಬರ್‌ನಲ್ಲಿ ಹೇಳಿದ್ದಾರೆ; ಆ ಮಾತಿನ ಆಸರೆ ನಮಗೆ ಬೇಡ. ಬಂದೇ ಬಂದವು ಎನ್ನೋಣ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಓಡುತ್ತಿರುವ ಚಾಲಕರಹಿತ ವೇಮೊ ಟ್ಯಾಕ್ಸಿಗಳೂ ಜನ ಹತ್ತಿ ಇಳಿಯಲು ರಸ್ತೆ ಪಕ್ಕದಲ್ಲಿ ನಿಲ್ಲಲೇಬೇಕು, ಚಾರ್ಜಿಗೆ, ತೊಳೆಯಲು ಡಿಪೊಗೆ ಹೋಗಲೇಬೇಕು. ‘ಸ್ವಲ್ಪ ಮುಂದಕ್ಕೆ ಹೋಗಪ್ಪಾ’ ಎಂದರೆ ನಮ್ಮವರು ಸರಿದುಕೊಳ್ಳುತ್ತಾರೆ. ಯಂತ್ರಕ್ಕೆ ನಿಲ್ಲುವ ಜಾಗವನ್ನು ಮೊದಲೇ ಗುರುತಿಸಿ ಕೊಟ್ಟಿರಬೇಕು. ಜಾಗವಿಲ್ಲದಿದ್ದರೆ ಖಾಲಿ ಗಾಡಿಗಳು ನಂಜನಗೂಡಿನ ರಥಬೀದಿಯನ್ನೇ ಸುತ್ತುತ್ತಿರುತ್ತವೆ. ಹಾಗಾಗಿ ಇಂದು ನಮಗೆ ಕೊಡುವ ನೆಲ ನಾಳೆ ಅವಕ್ಕೂ ಬೇಕಾದ ನೆಲವೇ.

ನೆಲವೇ ಇಲ್ಲ ಎನ್ನುವಂತಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಗೆ, 2025ರ ಫೆಬ್ರವರಿಯಲ್ಲಿ ತಿ. ನರಸೀಪುರದ ಕುಂಭಮೇಳಕ್ಕೆ ಜಾಗ ಒದಗಿತು. ಹಬ್ಬಕ್ಕೆ ಸಿಗುವುದರಲ್ಲಿ ಒಂದು ಮೂಲೆ ವರ್ಷವಿಡೀ ಸಿಗಲಿ. ಯೋಜನಾ ಪ್ರದೇಶದ ಹೆಸರಿನಲ್ಲಿ ಮೈಸೂರು, ನಂಜನಗೂಡು ಮಾತ್ರ ಇವೆ, ತಿ. ನರಸೀಪುರ ಇಲ್ಲ ಎಂಬ ನೆಪವೂ ಬೇಡ. ರಾಷ್ಟ್ರೀಯ ಹೆದ್ದಾರಿ 766 ಎರಡೂ ಪಟ್ಟಣಗಳಿಗೆ ಬರುತ್ತದೆ. ಹೆದ್ದಾರಿಯಲ್ಲಿ ಇಂತಿಷ್ಟು ದೂರಕ್ಕೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂಬ ಕೇಂದ್ರದ ಮಾರ್ಗಸೂಚಿಗೆ ತಾಲ್ಲೂಕಿನ ಗಡಿ ಅಡ್ಡ ಬಂದಿಲ್ಲ.

ಮಹಾಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೇಳುತ್ತದೆ. ಪರಿಷ್ಕರಣೆಯ ನಕ್ಷೆಯಲ್ಲೇ ನಂಜನಗೂಡಿನ ರೈಲು ನಿಲ್ದಾಣ, ದೇವಸ್ಥಾನದ ಆಸುಪಾಸು, ಕೈಗಾರಿಕಾ ಪ್ರದೇಶದ ಬಳಿ ಜಾಗ ಗುರುತಿಸಬೇಕು, ತಿ. ನರಸೀಪುರದ ಬಸ್ ನಿಲ್ದಾಣಕ್ಕಾಗಿ ಅಲ್ಲಿನ ಪುರಸಭೆಯೊಂದಿಗೆ ಮಾತನಾಡಬೇಕು. ನೆರಳು, ಕುಡಿಯುವ ನೀರು, ಶೌಚಾಲಯ, ದರಪಟ್ಟಿಯ ಫಲಕವೂ ಇರಲಿ. ಸಾಲ ಮಾಡಿ ಈಗಾಗಲೇ ಗಾಡಿ ಕೊಂಡಿರುವ ಸಹಿದಾರರಿಗೆ ಚಾರ್ಜಿಂಗ್ ಕೇಂದ್ರಗಳ ನಿರ್ವಹಣೆಯಲ್ಲಿ ಆದ್ಯತೆ ನೀಡಬೇಕು, ಬಾಕಿ ದಂಡದ ಮನ್ನಾಕ್ಕೆ ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು. ಮನವಿ ತಿರಸ್ಕರಿಸುವುದಾದರೆ ಕಾರಣವನ್ನು ಲಿಖಿತವಾಗಿ ಕೊಡಬೇಕು. ಪರಿಶೀಲನೆಯ ಇನ್ನೊಂದು ಪತ್ರ ನಮಗೆ ಬೇಕಿಲ್ಲ.

ಇಂತಿ ತಮ್ಮ ವಿಶ್ವಾಸಿಗಳು,
ಸಹಿದಾರರು