ಜಿಲ್ಲೆಗೂ ಒಬ್ಬ ಸಿಇಒ ಇದ್ದಾರೆ

ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ‘ಸಿಇಒ’ ಅಂದ್ರೆ ಮೂರು ತಿಂಗಳಿಗೊಮ್ಮೆ ಪರದೆ ಮೇಲೆ ಬಂದು, ನಾವೆಲ್ಲ ಒಂದೇ ಕುಟುಂಬ ಅಂತ ಹೇಳಿ, ಪ್ರಶ್ನೆ ಕೇಳೋಕೆ ಮುಂಚೆ ಮಾಯವಾಗೋ ವ್ಯಕ್ತಿ. ಆದರೆ ನಮ್ಮ ರಾಜ್ಯದ ಪ್ರತಿ ಜಿಲ್ಲೆಗೂ ಒಬ್ಬ ಸಿಇಒ ಇದ್ದಾರೆ. ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ. ನಿಮ್ಮ ಜಿಲ್ಲೆಯ ಸಿಇಒ ಯಾರು ಅಂತ ಥಟ್ಟನೆ ಹೇಳಬಲ್ಲಿರಾ? ನನ್ನ ಗೆಳೆಯರ ಗುಂಪಿನಲ್ಲಿ ಕೇಳಿ ನೋಡಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ಡಿಸಿ ಹೆಸರು ಮಾತ್ರ ನಾಲ್ಕೈದು ಜನ ಹೇಳಿದರು. ಮಳೆ ಜೋರಾದಾಗ ಶಾಲೆಗೆ ರಜೆ ಕೊಡೋರು ಅವರಲ್ವಾ!

ಡಿಸಿ ಅಂದ್ರೆ ಮುಖ್ಯವಾಗಿ ಕಂದಾಯ. ಜಮೀನು, ಪಹಣಿ, ಕಾನೂನು ಸುವ್ಯವಸ್ಥೆ, ಚುನಾವಣೆ, ನೆರೆ, ಬರ. ಇನ್ನುಳಿದಂತೆ ಹಳ್ಳಿಯ ಶಾಲೆಯ ಸೋರುವ ಚಾವಣಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಔಷಧಿ, ಅಂಗನವಾಡಿ, ಓವರ್‌ಹೆಡ್ ಟ್ಯಾಂಕು, ಚರಂಡಿ, ಉದ್ಯೋಗ ಖಾತರಿ ಕೂಲಿ ಇವೆಲ್ಲ ಬಂದು ಸೇರೋದು ಜಿಲ್ಲಾ ಪಂಚಾಯತ್ ಕಡೆಗೆ. ಹಳ್ಳಿಯವರ ದಿನನಿತ್ಯದ ಬದುಕಿಗೆ ಯಾರ ಸಹಿ ಹೆಚ್ಚು ತಾಗುತ್ತೆ ಅಂತ ನೋಡಿದ್ರೆ ನನ್ನ ಪ್ರಕಾರ ಸಿಇಒ ಅವರದ್ದೇ. ಆದರೂ ಸಿಇಒ ಆದವರು ಮುಂದೆ ಡಿಸಿ ಆದ್ರೆ ಅದನ್ನ ಎಲ್ಲರೂ ಬಡ್ತಿ ಅಂತಲೇ ನೋಡ್ತಾರೆ.

ಕೆಲಸದ ಗಾತ್ರ ಎಷ್ಟು ಅಂತ ತಿಳಿಯೋಕೆ ತುಮಕೂರನ್ನೇ ತಗೊಳ್ಳಿ. 10 ತಾಲ್ಲೂಕು, 300ಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ. ಒಬ್ಬ ಸಿಇಒ ದಿನಕ್ಕೊಂದು ಪಂಚಾಯ್ತಿಗೆ ಹೋದರೂ ಎಲ್ಲ ನೋಡಿ ಮುಗಿಸೋಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಷ್ಟರಲ್ಲಿ ವರ್ಗಾವಣೆ ಆದೇಶ ಬಂದರೂ ಆಶ್ಚರ್ಯ ಇಲ್ಲ. ಕೈಕೆಳಗೆ ಉಪ ಕಾರ್ಯದರ್ಶಿಗಳು, ಮುಖ್ಯ ಯೋಜನಾಧಿಕಾರಿ, ಮುಖ್ಯ ಲೆಕ್ಕಾಧಿಕಾರಿ. ಆಚೆಗೆ ಡಿಡಿಪಿಐ, ಡಿಎಚ್‌ಒ, ಕೃಷಿ, ಪಶುಸಂಗೋಪನೆ, ಮಹಿಳಾ ಮತ್ತು ಮಕ್ಕಳ ಇಲಾಖೆಯವರು, ಎಂಜಿನಿಯರುಗಳು. ಇವರಲ್ಲಿ ಅನೇಕರಿಗೆ ಬೆಂಗಳೂರಿನಲ್ಲಿ ಅವರದ್ದೇ ಇಲಾಖೆಯ ಮೇಲಧಿಕಾರಿ ಬೇರೆ ಇರ್ತಾರೆ. ನಮ್ಮಲ್ಲಿ ಇದಕ್ಕೆ ‘ಮ್ಯಾಟ್ರಿಕ್ಸ್ ರಿಪೋರ್ಟಿಂಗ್’ ಅಂತಾರೆ. ಇಬ್ಬರು ಮ್ಯಾನೇಜರು ಇದ್ದವನು ಯಾರ ಮಾತು ಕೇಳ್ತಾನೆ ಅನ್ನೋದು ಅನುಭವಿಸಿದವರಿಗೇ ಗೊತ್ತು.

ದುಡ್ಡಿನ ವಿಷಯ ಇನ್ನೂ ಸ್ವಾರಸ್ಯ. ಕರ್ನಾಟಕದಲ್ಲಿ ರಾಜ್ಯ ಬಜೆಟ್ ಜೊತೆಗೆ ‘ಲಿಂಕ್ ಡಾಕ್ಯುಮೆಂಟ್’ ಅಂತ ಒಂದು ದಪ್ಪ ದಾಖಲೆ ಬರುತ್ತೆ. ಯಾವ ಜಿಲ್ಲೆಗೆ ಯಾವ ಬಾಬ್ತಿಗೆ ಎಷ್ಟು ಅಂತ ಅದರಲ್ಲಿ ಮೊದಲೇ ಬರೆದಿರುತ್ತೆ. ಒಟ್ಟು ಮೊತ್ತ ನೋಡಿದ್ರೆ ಕಣ್ಣು ಅರಳುತ್ತೆ. ಒಳಗೆ ಹೋದ್ರೆ ಬಹುಪಾಲು ಸಂಬಳ, ಅದರಲ್ಲೂ ಮೇಷ್ಟ್ರುಗಳ ಸಂಬಳ. ಅದಾದ ಮೇಲೆ ಮೇಲಿನಿಂದಲೇ ರೂಪುಗೊಂಡು ಬಂದ ಯೋಜನೆಗಳು. ಜಿಲ್ಲೆಯವರು ತಾವಾಗಿ ಕೂತು ‘ಈ ವರ್ಷ ನಮಗೆ ಇದು ಬೇಕು’ ಅಂತ ತೀರ್ಮಾನ ಮಾಡೋಕೆ ಉಳಿಯೋದು ಸಣ್ಣ ತುಂಡು.

ಇದನ್ನೆಲ್ಲ ನಾನು ತಿಳಿದದ್ದು ನಮ್ಮ ದೊಡ್ಡಪ್ಪನಿಂದ. ಅವರು ಒಂದು ಜಿಲ್ಲಾ ಪಂಚಾಯತ್ ಕಚೇರಿಯಲ್ಲಿ ಎಫ್‌ಡಿಎ ಆಗಿದ್ದು, ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಸಾಮಾನ್ಯ ಸಭೆಯ ನಡವಳಿ ಬರೆಯೋದು ಅವರ ಕೆಲಸ. ‘ಕೂಗಾಟವನ್ನೆಲ್ಲ ಬರೀಬಾರದು ಕಣೋ, ಆದರೆ ಕೂಗಾಟ ಆಯ್ತು ಅನ್ನೋದು ಓದಿದವರಿಗೆ ಗೊತ್ತಾಗಬೇಕು, ಹಂಗೆ ಬರೀಬೇಕು’ ಅಂತಿದ್ರು. ಈಗಲೂ ಆ ಕಾಲದ ಮಾತು ಎತ್ತಿದ್ರೆ ಕಾಫಿ ಆರಿಹೋಗುತ್ತೆ.

ಅವರು ಹೆಚ್ಚು ಹೇಳೋದು 1987ರ ಕಥೆ. ರಾಮಕೃಷ್ಣ ಹೆಗಡೆಯವರ ಸರ್ಕಾರ, ಪಂಚಾಯತ್ ರಾಜ್ ಮಂತ್ರಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. 1983ರ ಕಾಯ್ದೆಯಂತೆ ಆ ವರ್ಷ ಆಗಿನ ಜಿಲ್ಲೆಗಳಲ್ಲಿ ಜಿಲ್ಲಾ ಪರಿಷತ್ತುಗಳು ಬಂದವು. ಕೆಳಗೆ ಮಂಡಲ ಪಂಚಾಯ್ತಿಗಳು. ನಾಲ್ಕನೇ ಒಂದು ಭಾಗ ಸ್ಥಾನ ಹೆಂಗಸರಿಗೆ. ಸಂವಿಧಾನದ 73ನೇ ತಿದ್ದುಪಡಿ ಬರೋದಕ್ಕೆ ಇನ್ನೂ ಆರು ವರ್ಷ ಇತ್ತು! ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಆಡಳಿತ ನಡೆಸೋ ಐಎಎಸ್ ಅಧಿಕಾರಿಗೆ ‘ಮುಖ್ಯ ಕಾರ್ಯದರ್ಶಿ’ ಅಂತ ಹೆಸರು, ಮತ್ತು ಅವರು ಸೇವೆಯಲ್ಲಿ ಡಿಸಿಗಿಂತ ಹಿರಿಯರು. ಅದನ್ನ ಜನ ‘ಜಿಲ್ಲಾ ಸರ್ಕಾರ’ ಅಂತಲೇ ಕರೀತಿದ್ರು.

ದೊಡ್ಡಪ್ಪ ಹೇಳೋ ಒಂದು ಪ್ರಸಂಗ ನನಗೆ ಇಷ್ಟ. ಒಬ್ಬ ಸದಸ್ಯರು ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರಂತೆ. ಒಳಗೆ ಮಣ್ಣು ಬಣ್ಣದ ನೀರು. ‘ಸ್ವಾಮಿ, ತಮ್ಮ ವರದಿಯಲ್ಲಿ ನಮ್ಮೂರಿಗೆ ಶುದ್ಧ ನೀರು ಅಂತ ಇದೆ. ಇದು ಆ ನೀರು. ತಾವೊಂದು ಲೋಟ ಕುಡೀರಿ, ಮಿಕ್ಕಿದ್ದು ನಾ ಕುಡೀತೀನಿ’ ಅಂದ್ರಂತೆ. ಸಭೆ ಗಪ್‌ಚುಪ್. ಅಧಿಕಾರಿ ಕುಡೀಲಿಲ್ಲ. ಆದರೆ ಸಂಜೆಯೊಳಗೆ ಎಂಜಿನಿಯರ್ ಜೀಪು ಆ ಊರಿನಲ್ಲಿತ್ತು. ‘ನಡವಳೀಲಿ ಏನು ಬರೆದ್ರಿ?’ ಅಂತ ಕೇಳಿದೆ. ‘ಮಾನ್ಯ ಸದಸ್ಯರು ಕುಡಿಯುವ ನೀರಿನ ಮಾದರಿಯನ್ನು ಸಭೆಯ ಅವಗಾಹನೆಗೆ ತಂದರು’ ಅಂತ ನಕ್ಕರು.

ಹಾಗಂತ ಅದೇನು ಸತ್ಯಯುಗ ಆಗಿರಲಿಲ್ಲ. ನಜೀರ್ ಸಾಬ್ 1988ರಲ್ಲಿ ತೀರಿಕೊಂಡರು. ಪರಿಷತ್ತುಗಳ ಐದು ವರ್ಷ ಮುಗಿದ ಮೇಲೆ 1992ರಲ್ಲಿ ಚುನಾವಣೆ ಬದಲು ಆಡಳಿತಾಧಿಕಾರಿಗಳು ಬಂದರು. 1993ರ ಹೊಸ ಕಾಯ್ದೆಯಲ್ಲಿ ಪರಿಷತ್ತು ‘ಪಂಚಾಯತ್’ ಆಯಿತು, ಮುಖ್ಯ ಕಾರ್ಯದರ್ಶಿ ಹೋಗಿ ಸಿಇಒ ಬಂದರು. ಮುಂದೆ ಅಧ್ಯಕ್ಷರ ಅವಧಿಯನ್ನ 20 ತಿಂಗಳಿಗೆ ಇಳಿಸಿದ್ದೂ ಉಂಟು. ಕುರ್ಚಿ ಬಿಸಿ ಆಗೋ ಹೊತ್ತಿಗೆ ಇಳೀಬೇಕು, ಇಷ್ಟರಲ್ಲಿ ಯಾವ ಅಧ್ಯಕ್ಷರು ಲಿಂಕ್ ಡಾಕ್ಯುಮೆಂಟ್ ಓದಿ ಅರ್ಥ ಮಾಡಿಕೊಳ್ತಾರೆ? ಕಂಟ್ರಾಕ್ಟ್ ರಾಜಕೀಯ, ಕೋರಂ ಇಲ್ಲದೆ ಮುಂದೂಡಿದ ಸಭೆ, ಹೆಂಡತಿ ಸದಸ್ಯೆಯಾದ್ರೆ ಗಂಡ ಬಂದು ಜಬರ್ದಸ್ತು ಮಾಡೋದು, ಎಲ್ಲವನ್ನೂ ದೊಡ್ಡಪ್ಪ ಕಂಡಿದ್ದಾರೆ. ಆದರೂ ಅವರ ವಾದ ಒಂದೇ. ಆ ಕಚೇರಿಯಲ್ಲಿ ಎರಡು ಕುರ್ಚಿ ಇತ್ತು. ಒಂದರಲ್ಲಿ ಊರು ಗೊತ್ತಿದ್ದವರು, ಇನ್ನೊಂದರಲ್ಲಿ ರೂಲು ಗೊತ್ತಿದ್ದವರು. ಇಬ್ಬರೂ ಜಗಳ ಆಡ್ತಾ ಆಡ್ತಾ ಕೆಲಸ ಆಗ್ತಿತ್ತು.

ಈಗ ವಿಷಯಕ್ಕೆ ಬರ್ತೀನಿ. ನಮ್ಮ ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತ್‌ಗಳಿಗೆ 2016ರಲ್ಲಿ ಚುನಾವಣೆ ಆಯ್ತು. 2021ರಲ್ಲಿ ಅವಧಿ ಮುಗೀತು. ಅವಧಿ ಮುಗಿಯೋ ಮುಂಚೆಯೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತೆ. ಆದರೆ ಆದದ್ದು ಬೇರೆ. ಮೊದಲು ಕೋವಿಡ್, ಆಮೇಲೆ ಕ್ಷೇತ್ರ ಮರುವಿಂಗಡಣೆ. ಆ ಕೆಲಸವನ್ನ ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆ ಆಯೋಗಕ್ಕೆ ಕೊಡೋಕೆ 2021ರಲ್ಲೇ ಕಾಯ್ದೆ ತಿದ್ದಿದರು. ಜೊತೆಗೆ ಮೀಸಲಾತಿ ಪಟ್ಟಿಯ ತಕರಾರು. ತಡ ಮಾಡಿದ್ದಕ್ಕೆ ಹೈಕೋರ್ಟ್ ಸರ್ಕಾರಕ್ಕೆ ದಂಡವನ್ನೂ ಹಾಕಿತು. 2023ರಲ್ಲಿ ಸರ್ಕಾರ ಬದಲಾಯ್ತು, ಅಧ್ಯಕ್ಷರ ಕೊಠಡಿಯ ಬೀಗ ಮಾತ್ರ ಹಾಗೇ ಇತ್ತು. ಯಾವ ಪಕ್ಷದ ಶಾಸಕರಿಗೂ ತಮ್ಮ ಕ್ಷೇತ್ರದೊಳಗೆ ಇನ್ನೊಬ್ಬ ಗಟ್ಟಿ ನಾಯಕ ಬೆಳೆಯೋದು ಬೇಡ ಅನ್ನೋದು ನನ್ನ ಅನುಮಾನ. ಇದೊಂದರಲ್ಲಿ ಎಲ್ಲ ಪಕ್ಷದವರಿಗೂ ಎಷ್ಟು ಒಮ್ಮತ ನೋಡಿ!

ಅಧ್ಯಕ್ಷರ ಜಾಗಕ್ಕೆ ಸರ್ಕಾರ ಹಿರಿಯ ಐಎಎಸ್ ಅಧಿಕಾರಿಗಳನ್ನ ಆಡಳಿತಾಧಿಕಾರಿಗಳಾಗಿ ನೇಮಿಸಿತು. ಅಂದ್ರೆ ಸಿಇಒ ಮಾಡಿದ ಕೆಲಸವನ್ನ ನೋಡೋರೂ ಇನ್ನೊಬ್ಬ ಅಧಿಕಾರಿಯೇ. ಸ್ಥಾಯಿ ಸಮಿತಿಗಳಿಲ್ಲ, ಬಾಟಲಿ ತಂದಿಡೋ ಸದಸ್ಯರಿಲ್ಲ. ಜಿಲ್ಲಾ ಉಸ್ತುವಾರಿ ಸಚಿವರ ತ್ರೈಮಾಸಿಕ ಕೆಡಿಪಿ ಸಭೆ ಇದೆ ನಿಜ. ಅಲ್ಲಿ ಮಾತಾಡೋದು ಶಾಸಕರು, ಮತ್ತು ಟಿವಿ ಕ್ಯಾಮೆರಾ ಇದ್ದಾಗ ಸ್ವಲ್ಪ ಜಾಸ್ತಿ.

ಆ ಖಾಲಿ ಜಾಗಕ್ಕೆ ಬಂದು ಕೂತಿರೋದು ನಮ್ಮ ಕಸುಬು, ಅಂದ್ರೆ ಸಾಫ್ಟ್‌ವೇರ್. ಪಂಚತಂತ್ರ, ಇ-ಸ್ವತ್ತು, ಗಾಂಧಿ ಸಾಕ್ಷಿ ಕಾಯಕ, ಜಲಜೀವನ್ ಡ್ಯಾಶ್‌ಬೋರ್ಡ್, ಎಲ್ಲಕ್ಕೂ ಒಂದೊಂದು ಲಾಗಿನ್. ಇದನ್ನ ಹೀಗಳೆಯೋಕೆ ನನಗೆ ಮನಸ್ಸಿಲ್ಲ. ಕಾಮಗಾರಿ ಆಗದೇ ಬಿಲ್ ಆಗೋದನ್ನ ಫೋಟೊ ಕಡ್ಡಾಯ ಮಾಡಿದ ತಂತ್ರಾಂಶ ಎಷ್ಟೋ ಕಡೆ ಕಷ್ಟ ಮಾಡಿದೆ. ಆದರೆ ಡ್ಯಾಶ್‌ಬೋರ್ಡ್ ಕಟ್ಟಿದವನಿಗೆ ಒಂದು ವಿಷಯ ಗೊತ್ತಿರುತ್ತೆ. ಅದು ಯಾರಿಗೋಸ್ಕರ ಕಟ್ಟಿದ್ದೋ ಅವರ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತೆ. ಇವೆಲ್ಲ ಕಟ್ಟಿರೋದು ಮೇಲೆ ಕೂತು ನೋಡೋರಿಗೆ.

ಉದ್ಯೋಗ ಖಾತರಿ ಕೂಲಿಯವರ ಹಾಜರಿಗೆ 2021ರಲ್ಲಿ ಒಂದು ಆ್ಯಪ್ ಬಂತು. ಕೆಲಸದ ಜಾಗದಲ್ಲಿ ದಿನಕ್ಕೆ ಎರಡು ಸಲ ಫೋಟೊ, ಜೊತೆಗೆ ಜಾಗದ ಗುರುತು. 2025ರಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ, ಸಂಬಂಧವೇ ಇಲ್ಲದ ಫೋಟೊ ಹಾಕ್ತಿದ್ದಾರೆ, ಫೋಟೊವನ್ನೇ ಫೋಟೊ ತೆಗೆದು ಹಾಕ್ತಿದ್ದಾರೆ, ಹಾಗಾಗಿ ಅಧಿಕಾರಿಗಳು ಫೋಟೊಗಳನ್ನ ಪರಿಶೀಲಿಸಿ ಅಂತು. ಅಂದ್ರೆ ಜನರನ್ನ ನೋಡೋಕೆ ಆ್ಯಪ್, ಆ್ಯಪನ್ನ ನೋಡೋಕೆ ಮತ್ತೆ ಜನ.

ನೀರಿನದ್ದೂ ಅಷ್ಟೆ. ನಮ್ಮ ಸೋದರತ್ತೆಯ ಊರಿನಲ್ಲಿ ‘ಮನೆ ಮನೆಗೆ ಗಂಗೆ’ ನಲ್ಲಿ ಬಂದು ಎರಡು ವರ್ಷ ಆಯ್ತು. ಜಲಜೀವನ್ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ಬರಬೇಕು. ಊರಿನ ಎತ್ತರದ ಬೀದಿಯ ಐದಾರು ಮನೆಗೆ ಹನಿಯೂ ಏರಲ್ಲ. ಪೈಪು ಇದೆ, ನಲ್ಲಿ ಇದೆ, ಮೀಟರ್ ಇದೆ, ಒತ್ತಡ ಇಲ್ಲ. ದಾಖಲೆಯಲ್ಲಿ ಕಾಮಗಾರಿ ‘ಪೂರ್ಣಗೊಂಡಿದೆ’. ‘ನಲ್ಲಿ ತಿರುಗಿಸಿದ್ರೆ ಗಾಳಿ ಬರುತ್ತಪ್ಪ, ಬೇಸಿಗೇಲಿ ಅದೂ ತಂಪಾಗಿರುತ್ತೆ’ ಅಂತಾರೆ ಅತ್ತೆ. ಗ್ರಾಮ ಪಂಚಾಯ್ತಿ ಸದಸ್ಯರಿಗೆ ಹೇಳಿದ್ರು, ಎಂಜಿನಿಯರಿಗೆ ಅರ್ಜಿ ಕೊಟ್ಟರು. ಗ್ರಾಮ ಪಂಚಾಯ್ತಿ ಮಟ್ಟದಲ್ಲಾದ್ರೂ ಚುನಾಯಿತರು ಇದ್ದರು, ಆದರೆ ಅವರ ಮಾತು ಜಿಲ್ಲೆ ತನಕ ಮುಟ್ಟಿಸೋ ಮಧ್ಯದ ಎರಡು ಮೆಟ್ಟಿಲು ಖಾಲಿ. ಸಿಇಒ ಕೆಟ್ಟವರು ಅಂತಲ್ಲ. ಅವರ ಪರದೆಯ ಮೇಲೆ ಆ ಊರು ಹಸಿರು ಬಣ್ಣದಲ್ಲಿದೆ, ಅವರು ಕೆಂಪು ಬಣ್ಣದ ಊರುಗಳ ಹಿಂದೆ ಓಡ್ತಿದ್ದಾರೆ.

ಒಳ್ಳೆ ಅಧಿಕಾರಿಗಳು ಏನು ಮಾಡಬಲ್ಲರು ಅನ್ನೋದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮ ಪಂಚಾಯ್ತಿಗಳ ಸುಪರ್ದಿಗೆ ಬಂದವು. ಇಲಾಖೆಯ ಹಿರಿಯ ಅಧಿಕಾರಿ ಉಮಾ ಮಹಾದೇವನ್ ಅವರು ಹಟ ಹಿಡಿದು ಬೆನ್ನುಹತ್ತಿದ್ದರಿಂದ, ಹಲವು ಜಿಲ್ಲೆಗಳ ಸಿಇಒಗಳು ಮುತುವರ್ಜಿ ವಹಿಸಿದ್ದರಿಂದ, ದೂಳು ಹಿಡಿದ ಕೋಣೆಗಳು ಬಣ್ಣ ಬಳಿದುಕೊಂಡು ಅರಿವು ಕೇಂದ್ರಗಳಾದವು. ಕೋವಿಡ್ ಕಾಲದಲ್ಲಿ ‘ಓದುವ ಬೆಳಕು’ ಅಂತ ಮಕ್ಕಳಿಗೆ ಸದಸ್ಯತ್ವ ಕೊಟ್ಟರು. ನಮ್ಮೂರಿನದ್ದನ್ನ ನಾನೇ ನೋಡಿದ್ದೀನಿ, ಸಂಜೆ ಚಾಪೆ ಮೇಲೆ ಹುಡುಗ ಹುಡುಗಿಯರು ಮಗ್ಗಲಾಗಿ ಓದ್ತಿರ್ತಾರೆ. ಇದನ್ನ ತೋರಿಸಿ ನನ್ನ ಸಹೋದ್ಯೋಗಿಯೊಬ್ಬ, ‘ನೋಡು, ರಾಜಕಾರಣಿಗಳಿಲ್ಲದೆ ಎಷ್ಟು ಚೆನ್ನಾಗಿ ನಡೀತಿದೆ’ ಅಂದ. ಗ್ರಂಥಾಲಯ ಬೇಕೋ ಬೇಡವೋ ಅನ್ನೋ ಜಗಳ ಯಾವ ಊರಲ್ಲೂ ಇಲ್ಲ, ಅದಕ್ಕೇ ಅದು ಚೆನ್ನಾಗಿ ಆಯ್ತು. ಎತ್ತರದ ಬೀದಿಗೆ ಮೊದಲು ನೀರೋ, ಹೊಸ ಬಡಾವಣೆಗೆ ಮೊದಲು ರಸ್ತೆಯೋ ಅನ್ನೋದು ಹಾಗಲ್ಲ. ಅಲ್ಲಿ ಯಾರೋ ಒಬ್ಬರಿಗೆ ಇಲ್ಲ ಅನ್ನಬೇಕು. ಇಲ್ಲ ಅಂದವರು ಐದು ವರ್ಷಕ್ಕೊಮ್ಮೆ ಆ ಬೀದಿಗೆ ಬಂದು ಕೈ ಮುಗಿದು ನಿಲ್ಲಬೇಕು. ವರ್ಗಾವಣೆ ಆಗಿ ಹೋಗೋರಿಗೆ ಆ ಭಯ ಎಲ್ಲಿಂದ ಬರಬೇಕು?

ಇನ್ನೊಂದು ವಿಷಯ ದೊಡ್ಡಪ್ಪ ಹೇಳೋ ತನಕ ನನಗೆ ಹೊಳೆದಿರಲಿಲ್ಲ. 2021ರ ನಂತರ ಮೊದಲ ಸಲ ಸಿಇಒ ಆಗಿ ಬಂದ ಅಧಿಕಾರಿಗಳು, ಅವರಲ್ಲಿ ಹಲವರು ಹೆಚ್ಚುಕಡಿಮೆ ನನ್ನ ವಯಸ್ಸಿನವರು, ಅಧ್ಯಕ್ಷರ ಪಕ್ಕ ಕೂತು ಒಂದು ಸಾಮಾನ್ಯ ಸಭೆಯನ್ನೂ ನಡೆಸದೆ ಆ ಹುದ್ದೆ ದಾಟಿ ಹೋಗಿದ್ದಾರೆ. ಗೊತ್ತುವಳಿ ಮಂಡನೆ, ಸದಸ್ಯರ ಪ್ರಶ್ನೆಗೆ ಲಿಖಿತ ಉತ್ತರ, ಅನುಪಾಲನಾ ವರದಿ, ಇದೆಲ್ಲ ಅವರಿಗೆ ಕಾಯ್ದೆ ಪುಸ್ತಕದ ಸಾಲು ಅಷ್ಟೆ. ಕಚೇರಿಯಲ್ಲಿ ಇದನ್ನ ಬಲ್ಲ ಹಳೇ ಗುಮಾಸ್ತರು ಒಬ್ಬೊಬ್ಬರಾಗಿ ನಿವೃತ್ತರಾಗ್ತಿದ್ದಾರೆ. ಚುನಾವಣೆ ಆಗಿ, ಅರ್ಧದಷ್ಟು ಹೆಂಗಸರಿರೋ ಹೊಸ ಸಭೆ ಬಂದು ಕೂತ ದಿನ, ಒಬ್ಬ ಸದಸ್ಯೆ ಬಾಟಲಿ ತೆಗೆದು ಮೇಜಿನ ಮೇಲೆ ಇಟ್ಟರೆ ಸಿಇಒ ಸಾಹೇಬರು ಏನು ಮಾಡ್ತಾರೆ ಅಂತ ಕೇಳಿದೆ.

‘ಮೊದಲು ಫೋಟೊ ತೆಗೀತಾರೆ’ ಅಂದ್ರು ದೊಡ್ಡಪ್ಪ.